ಅಪ್‌ಡೇಟ್: ಮಗನ ಬ್ಯಾಟಿಗೆ ಕೊನೆಗೂ ಚೆಂಡು ಸಿಕ್ಕಿತು

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಇಲ್ಲಿ ನ್ಯೂಜೆರ್ಸಿಯಲ್ಲಿ ಬೇಸ್‌ಬಾಲ್ ಆಡುವ ನನ್ನ 11 ವರ್ಷದ ಮಗ ಐದು ಮ್ಯಾಚಿನಿಂದ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಹೊಡೆದಿಲ್ಲ, ಸರಿಹೋಗ್ತಾನಾ ಅಂತ. ಸರಿಹೋದ, ಮುಕ್ಕಾಲು ಪಾಲು.

ನೀವು ಕೊಟ್ಟ ಸಲಹೆಗಳಲ್ಲಿ ಹೊಸ ಬ್ಯಾಟ್ ದುಡ್ಡು ದಂಡ. ಸ್ಲೋ ಮೋಷನ್ ವಿಡಿಯೊ ನೋಡಿ ಇನ್ನಷ್ಟು ಗೊಂದಲವಾಯಿತು. ಕೆಲಸ ಮಾಡಿದ್ದು, ಟೀ (ಚೆಂಡು ಇಡುವ ಗಿಡ್ಡ ಕಂಬ) ಮೇಲೆ ಚೆಂಡಿಟ್ಟು ದಿನಾ 50 ಹೊಡೆಸಿ, ಆಮೇಲೆ ಟೆನಿಸ್ ಬಾಲ್ ಎಸೆಯಿರಿ ಎಂದವರ ಸಲಹೆ. ಟೆನಿಸ್ ಬಾಲ್ ಹಾಕುವಾಗಲೇ ಅವನು ಬಾಯಿಬಿಟ್ಟ: ಏಪ್ರಿಲ್‌ನಲ್ಲಿ ಒಂದು ಎಸೆತ ಮೊಣಕೈಗೆ ಬಡಿದಿತ್ತಂತೆ, ಅಂದಿನಿಂದ ಪಿಚರ್ (ಚೆಂಡು ಎಸೆಯುವವನು) ಕೈ ಎತ್ತಿದರೆ ಸಾಕು ಇವನ ಮುಂಗಾಲು ಪ್ಲೇಟ್‌ನಿಂದ (ಬ್ಯಾಟ್ ಬೀಸುವವನ ಪಕ್ಕ ನೆಲದ ಮೇಲಿರುವ ಹಲಗೆ) ದೂರ ಸರಿಯುತ್ತಿತ್ತು, ಹೊರಗಿನ ಚೆಂಡು ಬ್ಯಾಟಿಗೆ ಎಟುಕುತ್ತಲೇ ಇರಲಿಲ್ಲ. ನಾನೋ ಕಾರಿನಲ್ಲಿ ವಾಪಸ್ ಬರುವಾಗೆಲ್ಲ 'ಚೆಂಡು ನೋಡಿ ಆಡು' ಅಂತ ಸುಮ್ನೆ ಕೊರೆಯುತ್ತಿದ್ದೆ, ಪಾಪ.

ಯಾರೋ ಬೇಸ್‌ಬಾಲ್ ದಿಗ್ಗಜ ವಿಲ್ಲಿ ಮೇಸ್ ಕಥೆ ಹೇಳಿದ್ದಿರಿ. 1951ರಲ್ಲಿ ಮೊದಲ 26 ಸಲ ಬ್ಯಾಟಿಂಗ್‌ಗೆ ಒಂದೇ ಹಿಟ್, ಆದರೂ ಮ್ಯಾನೇಜರ್ ಲಿಯೊ ಡುರೋಷರ್ ಕೈಬಿಡಲಿಲ್ಲ, ಅದೇ ವರ್ಷ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸ ಆಟಗಾರ) ಪ್ರಶಸ್ತಿ. ಮಗನಿಗೆ ಹೇಳಿದರೆ "ಆ ಒಂದು ಹಿಟ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಅಲ್ವಾ ಅಪ್ಪ, ನನ್ನದು ಸೊನ್ನೆ" ಎಂದ.

ಹೋದ ಶನಿವಾರ ಎರಡು ಸಿಂಗಲ್ (ಮೊದಲ ಬೇಸ್‌ವರೆಗಿನ ಹಿಟ್) ಹೊಡೆದ. ಒಳಗೆ ಬರುವ ಚೆಂಡಿಗೆ ಈಗಲೂ ಸ್ವಲ್ಪ ಬೆದರುತ್ತಾನೆ, ಟೆನಿಸ್ ಬಾಲ್ ಬಿಟ್ಟಿಲ್ಲ.