ಫಲಿತಾಂಶ ತಡ, ಅರ್ಜಿಯ ಗಡುವು ಹತ್ತಿರ: ಓದುಗರ ಸ್ಪಂದನ

(ಅಂತಿಮ ಸೆಮಿಸ್ಟರ್ ಎಲ್‌ಎಲ್‌ಬಿ ಪರೀಕ್ಷೆ ಮುಂದಕ್ಕೆ ಹೋಗಿದ್ದರಿಂದ ಸನ್ನದು (ವಕೀಲಿಕೆಯ ಪರವಾನಗಿ), ಕೆಲಸ ಎರಡೂ ಕೈತಪ್ಪುವ ಆತಂಕ ತೋಡಿಕೊಂಡಿದ್ದ ಓದುಗರಿಗೆ ಬಂದ ಉತ್ತರಗಳು)

ನೇಮಕಾತಿ ಅಧಿಸೂಚನೆಯಲ್ಲಿ ವಿದ್ಯಾರ್ಹತೆ ಯಾವ ದಿನಕ್ಕೆ ಇರಬೇಕು ಎಂಬ ಸಾಲನ್ನು ಮೊದಲು ಹುಡುಕಿ. ಅಲ್ಲಿ ದಿನಾಂಕವಿಲ್ಲದಿದ್ದರೆ ಅರ್ಜಿ ಸಲ್ಲಿಕೆಯ ಕೊನೆಯ ದಿನವೇ ಲೆಕ್ಕ. ರೇಖಾ ಚತುರ್ವೇದಿ ಪ್ರಕರಣದಲ್ಲಿ (1993) ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅಂತಿಮ ವರ್ಷದವರಿಗೂ ಅವಕಾಶವಿದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಶುಲ್ಕ ಕಟ್ಟಿ. ಫಲಿತಾಂಶ ಬಂದ ಕೂಡಲೇ ಪಿಡಿಸಿಗೆ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಅರ್ಜಿ ಕೊಡಿ. ಅದರಲ್ಲಿ ಫಲಿತಾಂಶ ಪ್ರಕಟವಾದ ದಿನ ನಮೂದಾಗಿದೆಯೇ ನೋಡಿಕೊಳ್ಳಿ. ಬರೀ ವಿತರಣೆಯ ದಿನವಿದ್ದರೆ ದಾಖಲೆ ಪರಿಶೀಲನೆಯಲ್ಲಿ ತಕರಾರು ಏಳುತ್ತದೆ. ಹಾಗಿದ್ದರೆ ಫಲಿತಾಂಶದ ದಿನ ತಿಳಿಸುವ ಒಂದು ಪತ್ರವನ್ನು ವಿಶ್ವವಿದ್ಯಾಲಯದ ಕುಲಸಚಿವರಿಂದ (ಮೌಲ್ಯಮಾಪನ) ಬರೆಸಿಕೊಳ್ಳಿ.
– ಸೇವಾ ಪ್ರಕರಣಗಳ ವಕೀಲರು, ಧಾರವಾಡ

ನಿಮಗೆ ನಿಜವಾದ ನಷ್ಟ ಸನ್ನದು ತಡವಾಗುವುದರಲ್ಲಿದೆ. ಸಿವಿಲ್ ನ್ಯಾಯಾಧೀಶ ಹುದ್ದೆಗೆ 3 ವರ್ಷ ವಕೀಲಿಕೆ ಮಾಡಿರಬೇಕು ಎಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ 3 ವರ್ಷ ಎಣಿಸುವುದು ವಕೀಲರ ಪರಿಷತ್ತಿನಲ್ಲಿ ಆಗುವ ತಾತ್ಕಾಲಿಕ ನೋಂದಣಿಯ ದಿನದಿಂದ, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಪಾಸಾದ ದಿನದಿಂದಲ್ಲ. ಅನೇಕರು ಇಲ್ಲೇ ತಪ್ಪುತ್ತಾರೆ: ಎಐಬಿಇ ಮುಗಿಯಲಿ ಎಂದು ಕಾದು ತಿಂಗಳುಗಟ್ಟಲೆ ಸೇವಾವಧಿ ಕಳೆದುಕೊಳ್ಳುತ್ತಾರೆ. ಪಿಡಿಸಿ ಕೈಗೆ ಬಂದ ವಾರದಲ್ಲೇ ರಾಜ್ಯ ವಕೀಲರ ಪರಿಷತ್ತಿಗೆ ಹೋಗಿ. ಗೌರವ್ ಕುಮಾರ್ ಪ್ರಕರಣದ (2024) ತೀರ್ಪಿನಂತೆ ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಮುದ್ರಾಂಕ ಶುಲ್ಕವಿದ್ದರೆ ಅದು ಬೇರೆ. ಇದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಬೇಡಿ.

ಎಐಬಿಇಗೂ ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ಹಿಂದಿನ ಸೆಮಿಸ್ಟರ್‌ಗಳೆಲ್ಲ ಪಾಸಾಗಿದ್ದರೆ ಅಂತಿಮ ಸೆಮಿಸ್ಟರ್‌ನವರಿಗೂ ಅವಕಾಶ ಕೊಡಬಹುದೆಂದು 2023ರ ಫೆಬ್ರವರಿಯಲ್ಲೇ ಸಂವಿಧಾನ ಪೀಠ ಹೇಳಿತ್ತು. ಒಂದೇ ಒಂದು ವಿಷಯ ಬಾಕಿ ಇದ್ದರೂ ಈ ಬಾಗಿಲು ಮುಚ್ಚುತ್ತದೆ, ಹಾಗಾಗಿ ಹಳೆಯ ಬ್ಯಾಕ್‌ಲಾಗ್ (ಬಾಕಿ ವಿಷಯ) ಇದ್ದರೆ ಅದಕ್ಕೇ ಮೊದಲು ಕೂರಿ.
– ಕಾನೂನು ಕಾಲೇಜಿನ ಅಧ್ಯಾಪಕಿ, ಮೈಸೂರು

ಅರ್ಜಿಯಲ್ಲಿನ ಶೇಕಡಾವಾರು ಅಂಕದ ಕಾಲಂ ಬಗ್ಗೆ: ಸಿಜಿಪಿಎಯನ್ನು (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್ ಅಂಕ) ನೀವೇ 10ರಿಂದ ಗುಣಿಸಬೇಡಿ. ಅಂಕಪಟ್ಟಿಯ ಹಿಂಬದಿಯಲ್ಲೋ ನಿಯಮಾವಳಿಯಲ್ಲೋ ಇರುವ ಸೂತ್ರವನ್ನೇ ಬಳಸಿ, ಅದರ ಪ್ರತಿಯನ್ನು ಲಗತ್ತಿಸಿ. 60 ಕೇಳಿದ ಕಡೆ 59.9ನ್ನು 60 ಎಂದು ತುಂಬಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಮರುಮೌಲ್ಯಮಾಪನಕ್ಕೆ ಹಾಕಿದ್ದರೆ ಸದ್ಯಕ್ಕೆ ಮೊದಲಿನ ಅಂಕವನ್ನೇ ಬರೆಯಿರಿ.
– ನಿವೃತ್ತ ಪರೀಕ್ಷಾ ವಿಭಾಗದ ಸಿಬ್ಬಂದಿ, ಬೆಳಗಾವಿ