ಲಸಿಕೆ ಹಾಕಿಸಿದ ಸಾಕುನಾಯಿ ಕಚ್ಚಿದರೂ ಇಂಜೆಕ್ಷನ್ ಬೇಕಾ?

ಹಳೇಚಪ್ಪಲಿ:
ಇವತ್ತು ಸಂಜೆ ಪಕ್ಕದ ಮನೆಯವರ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಪ್ಯಾಂಟ್ ಮೇಲೇ ಕಚ್ಚಿದ್ದು, ಬಟ್ಟೆ ಹರಿದಿಲ್ಲ. ಆದರೆ ಎತ್ತಿ ನೋಡಿದರೆ ಎರಡು ಹಲ್ಲಿನ ಗುರುತು, ಒಂದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ತಣ್ಣೀರಲ್ಲಿ ತೊಳೆದು ಪ್ಲಾಸ್ಟರ್ ಅಂಟಿಸಿದ್ದೇನೆ. ನಾಯಿಯವರು "ನಮ್ಮದಕ್ಕೆ ಎಲ್ಲಾ ಲಸಿಕೆ ಆಗಿದೆ, ಹತ್ತು ದಿನ ಅದು ಚೆನ್ನಾಗಿದ್ದರೆ ನಿಮಗೇನೂ ಆಗಲ್ಲ, ಸುಮ್ನೆ ಗಾಬರಿ ಬೀಳಬೇಡಿ" ಅನ್ನುತ್ತಿದ್ದಾರೆ. ಅವರ ಮಾತು ನಂಬಿ ಹತ್ತು ದಿನ ಕಾಯಬಹುದಾ? ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಚಿಕ್ಕವನಿದ್ದಾಗ ಕೇಳಿದ್ದು ನೆನಪಾಗಿ ಈಗ ಕಾಲಿಗಿಂತ ಹೊಟ್ಟೆಯೇ ಜಾಸ್ತಿ ನೋಯುತ್ತಿದೆ.

ಕಿಟಕಿಪಕ್ಕ:
ಮೊದಲು ಫೋನ್ ಪಕ್ಕಕ್ಕಿಟ್ಟು ಎದ್ದು ಹೋಗಿ. ಪ್ಲಾಸ್ಟರ್ ಕಿತ್ತು, ನಲ್ಲಿ ಬಿಟ್ಟು, ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕಂದ್ರೆ ಎರಡು ನಿಮಿಷಕ್ಕೇ ಸಾಕು ಅನಿಸಿಬಿಡುತ್ತದೆ. ರೇಬೀಸ್ ವೈರಸ್ಸಿನ ಮೇಲೆ ಕೊಬ್ಬಿನ ಪದರ ಇರುತ್ತದೆ, ಸೋಪು ಅದನ್ನೇ ಒಡೆಯುವುದು. ಬರೀ ನೀರಿಗೆ ಆ ಕೆಲಸ ಬರುವುದಿಲ್ಲ. ಗಾಯವನ್ನು ಗಸಗಸ ಉಜ್ಜಬೇಡಿ. ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಕ್ರಿಮಿನಾಶಕ) ಇದ್ದರೆ ಆಮೇಲೆ ಹಚ್ಚಿ. ಪುಡಿ, ಎಣ್ಣೆ, ಸೊಪ್ಪಿನ ರಸ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಿಳಿಕೋಟು:
ಮೇಲಿನವರು ಹೇಳಿದ್ದು ಸರಿ. ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅಂತ ಮುಂದೂಡಬೇಡಿ. ನಾನು ಇಂಜೆಕ್ಷನ್ ಕೊಡುವ ಕಡೆಯೇ ಕೆಲಸ ಮಾಡುವುದು, "ಗಾಯ ಚಿಕ್ಕದು" ಅನ್ನುವ ಮಾತು ದಿನಾ ಕೇಳುತ್ತೇನೆ. ಇಲ್ಲಿ ಗಾಯದ ಅಳತೆ ಮುಖ್ಯ ಅಲ್ಲ, ಚರ್ಮ ಒಡೆದಿದೆಯಾ ಅನ್ನುವುದು ಮುಖ್ಯ. ಗಾಯವೇ ಇಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬರದ ಸಣ್ಣ ತರಚಾದರೆ ಲಸಿಕೆ ಬೇಕು. ರಕ್ತ ಬಂದರೆ, ಅಥವಾ ತೆರೆದ ಗಾಯಕ್ಕೋ ಕಣ್ಣು ಬಾಯಿಗೋ ಜೊಲ್ಲು ತಾಗಿದರೆ, ಲಸಿಕೆ ಜೊತೆ ಇಮ್ಯುನೋಗ್ಲೋಬುಲಿನ್ ಕೂಡ. ಸಾಸಿವೆ ಕಾಳಿನಷ್ಟೇ ಆದರೂ ರಕ್ತ ರಕ್ತವೇ, ನಿಮ್ಮದು ಮೂರನೆಯ ಗುಂಪು.

ಇಮ್ಯುನೋಗ್ಲೋಬುಲಿನ್ ಅಂದರೆ ಸಿದ್ಧವಾಗಿರುವ ಪ್ರತಿಕಾಯ. ಲಸಿಕೆ ಹಾಕಿದ ಕೂಡಲೇ ಮೈಯಲ್ಲಿ ಶಕ್ತಿ ಹುಟ್ಟುವುದಿಲ್ಲ, ಒಂದು ವಾರದ ಮೇಲೆ ಬೇಕಾಗುತ್ತದೆ. ಆ ನಡುವೆ ವೈರಸ್ ನರ ಹಿಡಿಯದಂತೆ ಗಾಯದ ಒಳಗೆ, ಸುತ್ತಲೂ ಇದನ್ನು ಚುಚ್ಚುತ್ತಾರೆ. ನೋಯುತ್ತದೆ, ಸುಳ್ಳು ಹೇಳಲ್ಲ. ಲಸಿಕೆಯ ಮೊದಲ ಡೋಸ್ ಆಗಿ 7 ದಿನ ದಾಟಿದರೆ ಇದನ್ನು ಕೊಡುವುದಿಲ್ಲ, ಹಾಗಾಗಿ ಮೊದಲ ದಿನವೇ ಕೇಳಿ.

ಹೊಕ್ಕುಳಿನ ಕಥೆ ಹಳೆಯ ಲಸಿಕೆಯ ಕಾಲದ್ದು. ಈಗ ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ ಅನ್ನುವ ಪಟ್ಟಿ ಇದೆ, ಚರ್ಮದೊಳಗೆ ಕೊಡುವ ಕಡೆ ಲೆಕ್ಕ ಬೇರೆ. 0 ಅಂದರೆ ಕಚ್ಚಿದ ದಿನ ಅಲ್ಲ, ಮೊದಲ ಇಂಜೆಕ್ಷನ್ ಆದ ದಿನ. ಟಿಟಿ (ಧನುರ್ವಾಯು ಇಂಜೆಕ್ಷನ್) ಆಗಿದೆಯಾ ಅದನ್ನೂ ಹೇಳಿ. ಬಸುರಿ, ಬಾಣಂತಿ, ಕೂಸು ಯಾರಿಗಾದರೂ ಈ ಲಸಿಕೆ ಕೊಡಬಹುದು.

ಮೂರುದಾರಿ:
ಸುಮ್ನೆ ಹೆದರಿಸ್ತೀರಲ್ಲ. ನನಗೂ ಸಾಕಿದ ನಾಯಿ ಕಚ್ಚಿತ್ತು, ಹತ್ತು ದಿನ ಅದನ್ನೇ ನೋಡಿಕೊಂಡು ಕೂತೆ, ನಾಯಿಯೂ ಚೆನ್ನಾಗಿತ್ತು, ನಾನೂ ಚೆನ್ನಾಗಿದ್ದೇನೆ.

ಬಿಳಿಕೋಟು:
ನಿಮ್ಮ ನಾಯಿಗೆ ರೇಬೀಸ್ ಇರಲಿಲ್ಲ, ಅಷ್ಟೇ. ಹತ್ತು ದಿನದ ಮಾತು ಸುಳ್ಳಲ್ಲ. ರೋಗ ಇರುವ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ಲಕ್ಷಣ ಶುರುವಾಗುವ ಕೆಲವೇ ದಿನ ಮುಂಚೆ, ಆಮೇಲೆ ನಾಯಿ ಬೇಗ ಸಾಯುತ್ತದೆ. ಹಾಗಾಗಿ ಹತ್ತು ದಿನ ನಾಯಿ ಗಟ್ಟಿಯಾಗಿದ್ದರೆ ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಲೆಕ್ಕ. ಆಗ ಉಳಿದ ಡೋಸ್ ಬಿಡಬಹುದಾ ಅಂತ ಡಾಕ್ಟರ್ ಹೇಳುತ್ತಾರೆ. ಅಂದರೆ ಹತ್ತು ದಿನ ಇಂಜೆಕ್ಷನ್ ನಿಲ್ಲಿಸುವುದಕ್ಕೆ, ಶುರು ಮಾಡದೇ ಇರುವುದಕ್ಕೆ ಅಲ್ಲ. ಎಂಟನೇ ದಿನ ನಾಯಿ ಸತ್ತರೆ ಕಳೆದುಹೋದ ಆ ಎಂಟು ದಿನ ಯಾರು ವಾಪಸ್ ಕೊಡುತ್ತಾರೆ? ಮನುಷ್ಯನಿಗೆ ಲಕ್ಷಣ ಶುರುವಾದ ಮೇಲೆ ಮಾಡುವುದಕ್ಕೆ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ.

ಎರಡುಜಡೆ:
ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನನ್ನ ಮಗಳು ಬೈಗುಳಕ್ಕೆ ಹೆದರಿ ನಾಲ್ಕು ದಿನ ಹೇಳಲೇ ಇಲ್ಲ, ಸ್ನಾನ ಮಾಡಿಸುವಾಗ ಗೀರು ಕಂಡು ಗೊತ್ತಾಯಿತು. ತಡವಾಯಿತಲ್ಲ, ಇನ್ನು ಹೋಗಿ ಏನು ಪ್ರಯೋಜನ ಅಂತ ಕೂರಬೇಡಿ. ಲಕ್ಷಣ ಕಾಣಲು ಸಾಮಾನ್ಯವಾಗಿ 1ರಿಂದ 3 ತಿಂಗಳು, ಕೆಲವರಿಗೆ ವರ್ಷವೂ ಹಿಡಿಯುತ್ತದಂತೆ. ತಡವಾಗಿ ಹೋದವರಿಗೂ ಲಸಿಕೆ ಕೊಡುತ್ತಾರೆ. ಮುಖ, ತಲೆ, ಕೈಗೆ ಕಚ್ಚಿದ್ದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಅಲ್ಲೆಲ್ಲ ನರಗಳು ಜಾಸ್ತಿ, ಮುಖ ತಲೆಯಿಂದ ಮಿದುಳಿಗೆ ದಾರಿಯೂ ಹತ್ತಿರ ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಹಳೇಚಪ್ಪಲಿ:
ಅವತ್ತು ರಾತ್ರಿಯೇ ಹೋದೆ. ತೋಳಿನದ್ದು ಗೊತ್ತೇ ಆಗಲಿಲ್ಲ, ಕಾಲಿನದ್ದು ಮಾತ್ರ ಹಲ್ಲು ಕಚ್ಚಿ ಹಿಡಿದೆ (ಈ ಸಲ ನನ್ನದೇ ಹಲ್ಲು). ಹೊಲಿಗೆ ಹಾಕಲಿಲ್ಲ, ಗಾಯ ತೆರೆದೇ ಇರಲಿ ಅಂದರು. ಇವತ್ತು ಮೂರನೇ ದಿನದ ಡೋಸ್ ಆಯಿತು. ಬರುವಾಗ ಪಕ್ಕದ ಮನೆಯವರು ತಾವಾಗಿಯೇ ನಾಯಿಯ ಲಸಿಕೆ ಪುಸ್ತಕ ತಂದು ತೋರಿಸಿದರು. ಕೊನೆಯ ರೇಬೀಸ್ ಲಸಿಕೆ ಹಾಕಿಸಿ ಮೂರು ವರ್ಷ ಆಗಿದೆ. ಅವರಿಗೂ ಅದನ್ನು ನೋಡಿದಾಗಲೇ ಗೊತ್ತಾಗಿದ್ದು, ಪಾಪ. ನಾಯಿ ಗೇಟಿನ ಒಳಗೆ ಕಟ್ಟಿಹಾಕಿಸಿಕೊಂಡು ನನ್ನನ್ನು ನೋಡಿ ಬಾಲ ಆಡಿಸುತ್ತಿದೆ.