'ಸೋಲು' ಸರಿಯಾ, 'ವೈಫಲ್ಯ' ಸರಿಯಾ?

ಗೆಳೆಯರೇ,

ಪರಿಕಲ್ಪನಾ ಕಲೆಯಲ್ಲಿ (ವಸ್ತುವಿಗಿಂತ ಅದರ ಹಿಂದಿನ ಯೋಚನೆಯೇ ಮುಖ್ಯವಾಗುವ ಕಲೆ) ಬರುವ ಹ್ಯೂಮರ್, ಆಪ್ಟಿಮಿಸಂ, ಫೇಲ್ಯೂರ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲನೆಯದಕ್ಕೆ ಕನ್ನಡದಲ್ಲಿ 'ನಗು' ಸಾಕು, ಅದರಲ್ಲಿ ತಕರಾರಿಲ್ಲ. ಫೇಲ್ಯೂರ್‌ಗೆ ಏನು ಹಾಕೋದು ಅನ್ನೋದೇ ಬಗೆಹರಿಯುತ್ತಿಲ್ಲ. 'ಸೋಲು' ಅಂದರೆ ಎದುರಿಗೆ ಗೆದ್ದವರು ಯಾರೋ ಇರಬೇಕು ಅನ್ನಿಸುತ್ತದೆ, 'ವೈಫಲ್ಯ' ಅಂದರೆ ತನಿಖಾ ವರದಿ ಓದಿದ ಹಾಗಿರುತ್ತದೆ. ಎರಡೂ ಬೇಡ ಅಂದುಕೊಂಡಿದ್ದೆ. ಕೃತಿಗಳನ್ನು ಮತ್ತೆ ನೋಡಿದ ಮೇಲೆ ಮನಸ್ಸು ಬದಲಾಯಿತು.

ಕಲಾವಿದ ಫ್ರಾನ್ಸಿಸ್ ಆಲಿಸ್ 1997ರಲ್ಲಿ ಮೆಕ್ಸಿಕೋ ಸಿಟಿಯ ಬೀದಿಗಳಲ್ಲಿ ದೊಡ್ಡದೊಂದು ಐಸ್ ಗಡ್ಡೆಯನ್ನು ಒಂಬತ್ತು ಗಂಟೆಗೂ ಜಾಸ್ತಿ ಹೊತ್ತು ತಳ್ಳಿಕೊಂಡು ಹೋದರು. ಮೊದಲು ಸೊಂಟ ಬಗ್ಗಿಸಿ ಎರಡೂ ಕೈಯಲ್ಲಿ ತಳ್ಳುತ್ತಾರೆ, ಕೊನೆಕೊನೆಗೆ ಕಾಲಲ್ಲೇ ಒದ್ದುಕೊಂಡು ಹೋಗುವಷ್ಟು ಅದು ಚಿಕ್ಕದಾಗುತ್ತದೆ, ಆಮೇಲೆ ನೆಲದ ಮೇಲೆ ಒಂದಿಷ್ಟು ನೀರು. ಇಲ್ಲಿ ಯಾರೂ ಸೋತಿಲ್ಲ. ದುಡಿಮೆ ಇದೆ, ಫಲ ಇಲ್ಲ. 'ವಿಫಲ' ಅನ್ನೋದು ಇದಕ್ಕೆ ಅಕ್ಷರಶಃ ಹೊಂದುತ್ತದೆ, ಅಲ್ವಾ?

ಆದರೆ ಇನ್ನೊಬ್ಬ ಕಲಾವಿದ ಬಾಸ್ ಯಾನ್ ಆಡರ್ ವಿಷಯಕ್ಕೆ ಬಂದರೆ ಆ ಪದ ಬರೆಯಲು ಕೈಯೇ ಬರುವುದಿಲ್ಲ. 1970ರಲ್ಲಿ ಅವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೈಯಲ್ಲಿ ಹೂಗೊಂಚಲು ಹಿಡಿದು, ಸೈಕಲ್ ಸಮೇತ ಬೇಕಂತಲೇ ಕಾಲುವೆಗೆ ಬಿದ್ದರು. ನೋಡಿದರೆ ನಗು ಬರುತ್ತದೆ. ಅದೇ ಮನುಷ್ಯ 1975ರಲ್ಲಿ 13 ಅಡಿಯೂ ಇಲ್ಲದ ದೋಣಿಯಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಲು ಹೊರಟರು. ಮುಂದಿನ ವರ್ಷ ದೋಣಿ ಐರ್ಲೆಂಡ್ ಹತ್ತಿರ ಸಿಕ್ಕಿತು, ಅವರು ಸಿಗಲಿಲ್ಲ. ಇದಕ್ಕೆ 'ಸೋಲು' ಅನ್ನೋದೇ ಬೇಕು. ಕೈಕಾಲು ಸೋತವು ಅಂತೀವಿ, ಮನಸೋತೆ ಅಂತೀವಿ, ಅಲ್ಲೆಲ್ಲ ಎದುರಾಳಿ ಎಲ್ಲಿದ್ದಾನೆ? ದಣಿವು, ಸೆಳೆತ, ಒಪ್ಪಿಸಿಕೊಳ್ಳುವುದು, ಎಲ್ಲ ಆ ಒಂದೇ ಪದದಲ್ಲಿ ಇದೆ. ಎಷ್ಟು ಚೆಂದದ ಪದ ಇದು!

ಇನ್ನು ಆಪ್ಟಿಮಿಸಂ. 'ಆಶಾವಾದ' ಅಂದರೆ ಯಾರೋ ವಾದಕ್ಕೆ ನಿಂತ ಹಾಗೆ. 'ಭರವಸೆ' ಅಂದರೆ ಇನ್ನೊಬ್ಬರು ಕೊಡೋದು ಅನ್ನೋ ಅರ್ಥವೇ ಮೊದಲು ಬರುತ್ತದೆ. ಕಲಾವಿದ ಜಾನ್ ಬಾಲ್ಡೆಸಾರಿ 1973ರಲ್ಲಿ ಮೂರು ಚೆಂಡು ಮೇಲಕ್ಕೆ ಎಸೆದು, ಅವು ಗಾಳಿಯಲ್ಲಿ ಒಂದೇ ಗೆರೆಯಲ್ಲಿ ನಿಂತಂತೆ ಫೋಟೋ ತೆಗೆಯಲು ನೋಡಿದರು. ಫಿಲ್ಮ್ ರೋಲ್‌ನಲ್ಲಿ 36 ಚಿತ್ರ, ಹಾಗಾಗಿ 36 ಸಲ. ನೀಲಿ ಆಕಾಶದಲ್ಲಿ ಕಿತ್ತಳೆ ಬಣ್ಣದ ಚೆಂಡುಗಳು ಒಂದು ಮೇಲೆ, ಒಂದು ಕೆಳಗೆ. ಮತ್ತೆ ಎಸೆಯುವವರ ಬಾಯಲ್ಲಿ ಬರೋದು 'ಈ ಸಲ ಆದೀತು' ಅನ್ನೋ ಮಾತು. ನನಗೆ ಈ 'ಆದೀತು' ತುಂಬಾ ಹಿಡಿಸಿದೆ. ಇದರಲ್ಲಿ ಖಾತ್ರಿ ಇಲ್ಲ, ಆಸೆ ಇದೆ. 'ಬಿದ್ದೀಯ, ಜೋಕೆ' ಅನ್ನುವಾಗ ಇದೇ ರೂಪದಲ್ಲಿ ಭಯವೂ ಇದೆ.

ನನ್ನ ಪ್ರಶ್ನೆ ಎರಡು. 'ನಗು, ಆದೀತು, ಸೋಲು' ಅಂತ ತಲೆಬರಹ ಕೊಟ್ಟರೆ, ನಡುವಿನ ಕ್ರಿಯಾಪದ ನಾಮಪದದ ಹಾಗೆ ನಿಲ್ಲುತ್ತದಾ, ಇಲ್ಲ ಓದುವಾಗ ಎಡವುತ್ತದಾ? ಇನ್ನೊಂದು, ಆಲಿಸ್‌ಗೆ 'ವಿಫಲ', ಆಡರ್‌ಗೆ 'ಸೋಲು' ಅಂತ ಒಂದೇ ಬರಹದಲ್ಲಿ ಎರಡೂ ಬಳಸಿದರೆ ಓದುವವರಿಗೆ ಗೊಂದಲ ಆಗುತ್ತದಾ?